ವಿಕ್ಟೋರಿಯಾ ಕಾಲದ ಕತ್ತಲೆಯೂ ಕೋಗಳಿ ನಾಡಿನ ಬಿಸಿಲೂ

ಶ್ರೋತೃಗಳಲ್ಲಿ ಅನೇಕರು ಪತ್ತೇದಾರಿ ಕಥೆಗಳನ್ನು ಓದಿದವರೇ ಆಗಿರಬೇಕು. ಓದಿಲ್ಲವೆಂದು ಹೇಳಿಕೊಳ್ಳತಕ್ಕವರು ಅವುಗಳನ್ನು ದಿಂಬಿನ ಕೆಳಗೆ ಇರಿಸಿಕೊಂಡವರೆಂದು ನಮ್ಮ ಅನುಮಾನ. ಈ ಕಥೆಗಳಲ್ಲಿ ಚಾರಿತ್ರಿಕ ಪತ್ತೇದಾರಿ ಕಾದಂಬರಿಯೆಂಬ ಒಂದು ಶಾಖೆಯುಂಟು. ಇದನ್ನು ಬರೆಯುವವನು ತನ್ನ ಕಾಲದ ಕೊಲೆಯನ್ನು ಬರೆಯುವುದಿಲ್ಲ. ನೂರು ವರ್ಷ ಹಿಂದಕ್ಕೆ ಹೋಗಿ, ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ನಗರದಲ್ಲಿ, ಮಂಜು ಮುಸುಕಿದ ಬೀದಿಯಲ್ಲಿ, ಅನಿಲದೀಪದ ಮಬ್ಬು ಬೆಳಕಿನಲ್ಲಿ ಒಂದು ಶವವನ್ನು ಮಲಗಿಸುತ್ತಾನೆ. ಪೀಟರ್ ಲವ್‌ಸೀ ೧೯೭೦ರಲ್ಲಿ ಸಾರ್ಜೆಂಟ್ ಕ್ರಿಬ್ ಎಂಬವನನ್ನೂ, ಆನ್ ಪೆರಿ ೧೯೭೯ರಲ್ಲಿ ಥಾಮಸ್ ಪಿಟ್ ಎಂಬವನನ್ನೂ ಸೃಷ್ಟಿಸಿದ ತರುವಾಯ ಇಂತಹ ಗ್ರಂಥಗಳ ಪ್ರವಾಹವೇ ಹರಿಯಿತು. ಇವುಗಳಲ್ಲಿ ಕೊಲೆ ಒಂದು ನೆವ ಮಾತ್ರ. ಪತ್ತೇದಾರನು ಕೊಲೆಗಾರನನ್ನು ಹುಡುಕುತ್ತ ಹೋದಂತೆ ಓದುಗನಿಗೆ ಕಾಣಿಸುವುದು ಬೇರೆ: ಕಾರ್ಖಾನೆಯಲ್ಲಿ ದುಡಿಯುವ ಮಗು, ಬಡವರ ದುಡಿಮೆಮನೆ, ಹುಚ್ಚಾಸ್ಪತ್ರೆಗೆ ನೂಕಲ್ಪಟ್ಟ ಹೆಂಡತಿ, ಸಭ್ಯ ಗೃಹಸ್ಥನ ಎರಡನೆಯ ಸಂಸಾರ. ಬೈಬಲನ್ನು ಮೇಜಿನ ಮೇಲೆ ಇರಿಸಿಕೊಂಡ ಸಮಾಜವು ಆ ಮೇಜಿನ ಕಾಲಿಗೂ ಬಟ್ಟೆ ಹೊದಿಸಿತ್ತೆಂದು ಒಂದು ಹಾಸ್ಯವುಂಟು. ಅದು ನಿಜವೋ ಸುಳ್ಳೋ, ಆ ಬಟ್ಟೆಯನ್ನು ಎತ್ತಿ ನೋಡುವುದೇ ಈ ಕಾದಂಬರಿಗಳ ಕೆಲಸ.

ನಾವು ಈ ದಿನ ಹೇಳಬೇಕೆಂದಿರುವುದು ಲಂಡನ್ನಿನ ಮಾತಷ್ಟೇ ಅಲ್ಲ. ಆ ರಾಣಿಯ ಆಳ್ವಿಕೆ ಲಂಡನ್ನಿನಲ್ಲಿ ಮುಗಿಯಲಿಲ್ಲವಷ್ಟೆ. ಅವಳ ಹೆಸರಿನಲ್ಲಿ ನಡೆದ ಆಡಳಿತವು ಕೂಡ್ಲಿಗಿಯ ಚಾವಡಿಯವರೆಗೆ ಬಂದಿತ್ತು, ಹರಪನಹಳ್ಳಿಯ ಕಚೇರಿಯವರೆಗೆ ಬಂದಿತ್ತು. ಹಾಗಾದರೆ ಆ ಕಾಲದ ಕತ್ತಲೆ ನಮ್ಮ ಕಡೆ ಯಾವ ರೂಪದಲ್ಲಿತ್ತು? ಒಬ್ಬ ಪತ್ತೇದಾರನನ್ನು ಹೊಗೆಮಂಜಿನಿಂದ ಎಬ್ಬಿಸಿ ತಂದು ಕೋಗಳಿ ನಾಡಿನ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದರೆ ಅವನಿಗೆ ಕಾಣುವುದೇನು?

ಕೋಗಳಿ ಎಂಬುದು ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮ. ಹಳೆಯ ಶಾಸನಗಳಲ್ಲಿ ಕೋಗಳಿ ಐನೂರು ಎಂದರೆ ಒಂದು ನಾಡು. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪ್ರದೇಶಗಳನ್ನು ಅದರ ಹೆಸರಿನಿಂದ ಕರೆಯಬಹುದು. ಊರಿನಲ್ಲಿ ಈಗಲೂ ಜೈನ ಬಸದಿಯುಂಟು. ಪಶ್ಚಿಮಕ್ಕೆ ತುಂಗಭದ್ರೆ, ಅದರ ದಡದ ಕಡೆ ಮೈಲಾರನ ಜಾತ್ರೆ. ಉಳಿದೆಡೆ ಎರೆಯ ಹೊಲ, ಮಸಾರಿಯ ಹೊಲ, ಕಲ್ಲುಗುಡ್ಡ, ಆಕಾಶವನ್ನು ನೋಡುತ್ತ ಕುಳಿತಿರುವ ಒಕ್ಕಲು. ಈ ತಾಲ್ಲೂಕುಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಹಿಂದೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರೆಸಿಡೆನ್ಸಿಗೆ ಒಳಪಟ್ಟಿದ್ದುವು.

ಈ ನಾಡು ಕಂಪೆನಿಯ ಕೈಗೆ ಬಂದ ಬಗೆಗೂ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಹುಟ್ಟಿಗೂ ಒಂದು ವಿಚಿತ್ರ ಸಂಬಂಧವುಂಟು. ಆ ಭಾಷೆಯ ದೊಡ್ಡ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೆಂದು ಬಹುಮಂದಿ ವಿಮರ್ಶಕರು ಎಣಿಸುವುದು ವಿಲ್ಕಿ ಕಾಲಿನ್ಸನು ೧೮೬೮ರಲ್ಲಿ ಪ್ರಕಟಿಸಿದ 'ಮೂನ್‌ಸ್ಟೋನ್' ಅಥವಾ ಚಂದ್ರಶಿಲೆ. ಆ ಕಥೆ ಆರಂಭವಾಗುವುದು ಯಾವುದೋ ಇಂಗ್ಲಿಷ್ ಬಂಗಲೆಯಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. ೧೭೯೯ನೆಯ ಮೇ ೪ರಂದು ಕೋಟೆ ಬಿದ್ದಾಗ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆಮಾಡಿ ದೇವರ ವಜ್ರವೊಂದನ್ನು ಅಪಹರಿಸುತ್ತಾನೆ; ಅಲ್ಲಿಂದ ಮುಂದಿನ ಕೇಡೆಲ್ಲ. ವಜ್ರ ಕಟ್ಟುಕಥೆ, ಕೋಟೆ ಬಿದ್ದದ್ದು ನಿಜ. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ನಿಜಾಮನಿಗೆ ಬಂದ ಪಾಲನ್ನು ಅವನು ೧೮೦೦ರಲ್ಲಿ ಕಂಪೆನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಆ ಸೀಮೆಯಲ್ಲಿ ಬಳ್ಳಾರಿಯೂ ಸೇರಿತು. ಥಾಮಸ್ ಮನ್ರೋ ಅದರ ಮುಖ್ಯ ಕಲೆಕ್ಟರನಾಗಿ ೧೮೦೭ರವರೆಗೆ ಇದ್ದನು. ಕಾದಂಬರಿಯಲ್ಲಿ ವಜ್ರವನ್ನು ಕದ್ದ ಮನೆತನಕ್ಕೆ ಶಾಪ ತಟ್ಟುತ್ತದೆ. ಚರಿತ್ರೆಯಲ್ಲಿ ಶಾಪಗಳು ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ.

ಇನ್ನು ಪತ್ತೇದಾರನೆಂಬ ವ್ಯಕ್ತಿ ಎಲ್ಲಿಂದ ಬಂದನೆಂಬುದನ್ನು ನೋಡೋಣ. ಲಂಡನ್ನಿನ ಪೊಲೀಸು ಪಡೆ ೧೮೨೯ರಲ್ಲಿ ಹುಟ್ಟಿತು. ಅದರಲ್ಲಿ ಪತ್ತೇದಾರಿಗೆಂದೇ ಎಂಟು ಜನರ ಒಂದು ಚಿಕ್ಕ ಶಾಖೆ ೧೮೪೨ರಲ್ಲಿ ಏರ್ಪಟ್ಟಿತು. ಆ ಕಾಲದ ಪ್ರಸಿದ್ಧ ಪತ್ತೇದಾರರಲ್ಲಿ ಜೊನಾಥನ್ ವಿಚರ್ ಎಂಬವನೊಬ್ಬ. ೧೮೬೦ನೆಯ ಜೂನ್ ತಿಂಗಳ ಕೊನೆಯಲ್ಲಿ ರೋಡ್ ಎಂಬ ಹಳ್ಳಿಯ ಒಂದು ದೊಡ್ಡ ಮನೆಯಲ್ಲಿ ಮೂರು ವರ್ಷದ ಮಗುವೊಂದು ರಾತ್ರಿ ಮಂಚದಿಂದ ಮಾಯವಾಗಿ ಬೆಳಿಗ್ಗೆ ಹೊರಗಿನ ಕಕ್ಕಸಿನಲ್ಲಿ ಹೆಣವಾಗಿ ದೊರೆಯಿತು. ಬಾಗಿಲುಗಳು ಒಳಗಿನಿಂದ ಭದ್ರವಾಗಿದ್ದುವು. ಆದಕಾರಣ ಕೊಂದವರು ಮನೆಯವರೇ ಆಗಿರಬೇಕು. ವಿಚರನು ಬಂದು ಮಾಡಿದುದಾದರೂ ಏನು? ಅಗಸರಿಗೆ ಹಾಕಿದ ಬಟ್ಟೆಗಳ ಪಟ್ಟಿಯನ್ನು ತರಿಸಿ ನೋಡಿದನು. ಮಗುವಿನ ಮಲ ಅಕ್ಕ, ಹದಿನಾರು ವರ್ಷದ ಕಾನ್‌ಸ್ಟೆನ್ಸ್ ಕೆಂಟ್ ಎಂಬ ಹುಡುಗಿಯ ರಾತ್ರಿಯಂಗಿಗಳಲ್ಲಿ ಒಂದು ಕಡಿಮೆಯಾಗಿತ್ತು. ಅಷ್ಟರಿಂದಲೇ ಅವಳ ಮೇಲೆ ಆರೋಪ ಹೊರಿಸಿದನು. ಇಂಗ್ಲೆಂಡಿಗೆ ಇಂಗ್ಲೆಂಡೇ ಕೆರಳಿತು. ಕೂಲಿಯವನ ಮಗನೊಬ್ಬನು ದೊಡ್ಡ ಮನುಷ್ಯರ ಮನೆಯ ಹುಡುಗಿಯ ಒಳಬಟ್ಟೆಯನ್ನು ಎಣಿಸುವುದೆಂದರೇನು? ಹುಡುಗಿಯನ್ನು ಬಿಟ್ಟರು, ವಿಚರನ ಮಾನ ಹೋಯಿತು. ಐದು ವರ್ಷಗಳ ತರುವಾಯ, ೧೮೬೫ರಲ್ಲಿ, ಅವಳೇ ಬಂದು ತಾನು ಕೊಂದುದಾಗಿ ಒಪ್ಪಿಕೊಂಡಳು. ಕಾಲಿನ್ಸನ ಕಾದಂಬರಿಯಲ್ಲಿ ಬಣ್ಣ ಅಂಟಿದ ರಾತ್ರಿಯಂಗಿಯೂ, ಅದನ್ನು ಹುಡುಕುವ ಸಾರ್ಜೆಂಟ್ ಕಫನೂ ಈ ಪ್ರಸಂಗದ ನೆರಳಿನಿಂದಲೇ ಬಂದವು.

ಇದರಲ್ಲಿ ಶ್ರೋತೃಗಳು ಒಂದು ಅಂಶವನ್ನು ಗಮನಿಸಬೇಕೆಂದು ನಮ್ಮ ಅಪೇಕ್ಷೆ. ವಿಚರನು ಆ ಹುಡುಗಿಯನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಮನೆಯ ದಾದಿಯನ್ನೂ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸಲಿಲ್ಲ. ಅಂಗಿಗಳನ್ನು ಎಣಿಸಿದನು. ಪತ್ತೇದಾರಿ ಕಥೆಯ ಜೀವವೇ ಇದು. ವಸ್ತುವು ಮಾತನಾಡುತ್ತದೆ, ಆದುದರಿಂದ ಮನುಷ್ಯನ ದೇಹವನ್ನು ಹಿಂಡಿ ಮಾತನಾಡಿಸಬೇಕಾದ ಅಗತ್ಯವಿಲ್ಲ. ಬೂದಿಯ ಒಂದು ಚಿಟಿಕೆ, ಕೆಸರಿನ ಒಂದು ಗುರುತು, ಇವು ಸಾಕ್ಷಿ ಹೇಳುವುದಾದರೆ ಬಡವನ ಬೆರಳುಗಳು ಉಳಿಯುತ್ತವೆ.

ಅದೇ ದಶಕದಲ್ಲಿ ಕೋಗಳಿ ನಾಡಿನಲ್ಲಿ ಕಳವಾದರೆ ಏನಾಗುತ್ತಿತ್ತು? ದಖನಿನ ಹಳೆಯ ಪದ್ಧತಿಯಲ್ಲಿ ಊರಿನ ಕಾವಲು ತಳವಾರನದು. ಕಳ್ಳನ ಹೆಜ್ಜೆಯ ಜಾಡು ಹಿಡಿದು ಎಲ್ಲೆಯವರೆಗೆ ಹೋಗಿ, ಪಕ್ಕದ ಊರಿನವರಿಗೆ ಒಪ್ಪಿಸಿಬಂದರೆ ಹೊಣೆ ಅವರ ಮೇಲೆ ಬೀಳುತ್ತಿತ್ತು. ಜಾಡು ನಿಂತ ಊರೇ ಕಳವಿಗೆ ಉತ್ತರ ಹೇಳಬೇಕು. ಷರ್ಲಾಕ್ ಹೋಮ್ಸನು ೧೮೮೭ರಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡು ಹೆಜ್ಜೆಗುರುತನ್ನು ಓದಿ ಎಲ್ಲರನ್ನೂ ಬೆರಗುಗೊಳಿಸುವುದಕ್ಕೆ ಎಷ್ಟೋ ಕಾಲ ಮೊದಲೇ ನಮ್ಮ ತಳವಾರರು ಅದನ್ನು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದರು. ಅವರಿಗೆ ಒಬ್ಬ ಡಾಕ್ಟರ್ ವಾಟ್ಸನ್ ಸಿಕ್ಕಲಿಲ್ಲ, ಅಷ್ಟೇ.

ಆದರೆ ಇದರ ಮೇಲೆ ಕಂಪೆನಿಯು ಕಟ್ಟಿದ ಏರ್ಪಾಡು ಬೇರೆಯಾಗಿತ್ತು. ಮದರಾಸು ಪ್ರೆಸಿಡೆನ್ಸಿಯಲ್ಲಿ ೧೮೧೬ರಿಂದ ಕಲೆಕ್ಟರನೇ ಮ್ಯಾಜಿಸ್ಟ್ರೇಟು. ಅವನ ಕೈಕೆಳಗೆ ತಹಶೀಲ್ದಾರನೇ ಪೊಲೀಸು. ಕಂದಾಯ ವಸೂಲು ಮಾಡತಕ್ಕವನೂ ಕಳ್ಳನನ್ನು ಹಿಡಿಯತಕ್ಕವನೂ ಒಬ್ಬನೇ. ಮಳೆ ಹೋದ ವರ್ಷವೂ ಕಂದಾಯ ಹೋಗುತ್ತಿರಲಿಲ್ಲ. ಬಾಕಿದಾರನ ಮಡಿಲಿನಿಂದ ಹಣ ತೆಗೆಯುವುದಕ್ಕೆ ಯಾವ ಉಪಾಯವೋ, ಅನುಮಾನಿತನ ಬಾಯಿಂದ ಮಾತು ತೆಗೆಯುವುದಕ್ಕೂ ಅದೇ ಉಪಾಯ. ೧೮೫೪ರಲ್ಲಿ ಈ ವಿಷಯ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದು, ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗವು ನೇಮಕವಾಯಿತು. ಚಿತ್ರಹಿಂಸೆಯನ್ನು ಕುರಿತ ಅವರ ವರದಿ ೧೮೫೫ರಲ್ಲಿ ಹೊರಬಿದ್ದಿತು. ಆಯೋಗಕ್ಕೆ ಬಂದ ದೂರುಗಳು ೧,೯೫೯. ಅವುಗಳಲ್ಲಿ ೫೧೯ ಜನ ತಾವೇ ಬಂದು ನಿಂತು ಹೇಳಿದವರು. ರೈಲಿಲ್ಲದ ಆ ಕಾಲದಲ್ಲಿ ನೂರಾರು ಮೈಲಿ ನಡೆದು ಬಂದವರು. ಉಳಿದವರು ಕಾಗದ ಬರೆಸಿದವರು. ವರದಿಯು ಹಿಂಸೆಯ ವಿಧಗಳನ್ನು ಅಂಗಡಿಯ ಪಟ್ಟಿಯಂತೆ ಒಂದೊಂದಾಗಿ ಹೇಳುತ್ತದೆ. ಒಂದು ಕಡೆ ಕೂಡಿಸಿದ ಎರಡು ಕೋಲುಗಳ ನಡುವೆ ಬೆರಳುಗಳನ್ನು ನಿಂಬೆಯ ಹಣ್ಣನ್ನು ಹಿಂಡುವಂತೆ ಹಿಂಡುವುದು ಕಿಟ್ಟಿ, ತೆಲುಗಿನಲ್ಲಿ ಚಿರತ. ತಲೆಯನ್ನು ಕಾಲಿಗೆ ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಅನಂತಾಳು. ಬೆನ್ನಿನ ಮೇಲೆ ಕಲ್ಲು ಹೇರುವುದೂ ಉಂಟು. ಈ ಹೆಸರುಗಳು ರೂಢಿಯಲ್ಲಿದ್ದುವೆಂಬುದೇ ಸಾಕು. ಅಪರೂಪದ ಕೃತ್ಯಕ್ಕೆ ಯಾರೂ ಹೆಸರಿಡುವುದಿಲ್ಲ.

ಆ ವರದಿಯಲ್ಲಿ ಒಂದು ಜಾಣತನವಿದೆ. ಪತ್ತೇದಾರಿ ಕಾದಂಬರಿಯ ಓದುಗನಿಗೆ ಅದು ಕೂಡಲೆ ಕಣ್ಣಿಗೆ ಬೀಳಬೇಕು. ಹಿಂಸೆ ನಡೆಯುತ್ತದೆಂದು ಆಯೋಗವು ಒಪ್ಪಿತು. ಮಾಡುವವರಾರು? ದೇಶೀಯ ನೌಕರರು. ದೊರೆಗಳಿಗೆ ತಿಳಿದಿತ್ತೇ? ಇಲ್ಲ, ಅವರು ದಯಾಳುಗಳು. ಹೀಗೆ ಮನೆಯೊಳಗೆ ಕೊಲೆಯಾದಾಗ ಆಳನ್ನು ಹಿಡಿದು ಯಜಮಾನನನ್ನು ಬಿಡುವುದು ರೋಡ್ ಹಳ್ಳಿಯಲ್ಲಿಯೂ ನಡೆಯುವುದರಲ್ಲಿತ್ತು. ಅಲ್ಲಿಯೂ ಮೊದಲ ಅನುಮಾನ ದಾದಿಯ ಮೇಲೆಯೇ. ನಮ್ಮ ದೇಶದ ಮನೆಯಲ್ಲಿ ಅಗಸರ ಪಟ್ಟಿಯನ್ನು ಕೇಳಿ ನೋಡುವ ವಿಚರನೊಬ್ಬನು ಬರಲಿಲ್ಲ. ಎರಡು ವರ್ಷಗಳ ಬಳಿಕ, ೧೮೫೭ರಲ್ಲಿ, ಲಂಡನ್ನಿನಲ್ಲಿ ಕುಳಿತು ಅಮೆರಿಕದ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಕಾರ್ಲ್ ಮಾರ್ಕ್ಸನು ಈ ವರದಿಯನ್ನು ಎತ್ತಿಕೊಂಡು, ಸಿಪಾಯಿಗಳ ಕ್ರೌರ್ಯವನ್ನು ಕಂಡು ಬೆಚ್ಚುವವರು ಇದನ್ನೂ ಓದಬೇಕೆಂಬ ಅರ್ಥದ ಲೇಖನವನ್ನು ಬರೆದನು.

ವರದಿ ವ್ಯರ್ಥವಾಯಿತೆಂದು ಹೇಳಲಾಗದು. ೧೮೫೯ರ ಕಾಯಿದೆಯಿಂದ ಮದರಾಸಿನಲ್ಲಿ ಪೊಲೀಸು ಕಂದಾಯದಿಂದ ಬೇರೆಯಾಯಿತು. ೧೮೬೦ರ ದಂಡಸಂಹಿತೆಯ ೩೩೦ನೆಯ ಪ್ರಕರಣವು ತಪ್ಪೊಪ್ಪಿಗೆಗಾಗಿ ನೋಯಿಸುವವರಿಗೆ ಏಳು ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. ಆ ಪ್ರಕರಣದ ಕೆಳಗೆ ಕೊಟ್ಟಿರುವ ದೃಷ್ಟಾಂತಗಳು ಕುತೂಹಲಕರವಾಗಿವೆ: ತಪ್ಪನ್ನು ಒಪ್ಪಿಕೊಳ್ಳಲೆಂದು ಹಿಂಸಿಸುವ ಪೊಲೀಸಿನವನು, ಕಳವಿನ ಮಾಲನ್ನು ತೋರಿಸಲೆಂದು ಹಿಂಸಿಸುವ ಪೊಲೀಸಿನವನು, ಬಾಕಿ ಕಂದಾಯಕ್ಕಾಗಿ ಹಿಂಸಿಸುವ ರೆವಿನ್ಯೂ ಅಧಿಕಾರಿ, ಗೇಣಿಗಾಗಿ ರೈತನನ್ನು ಹಿಂಸಿಸುವ ಜಮೀನ್ದಾರ. ಕಾನೂನಿನ ಗ್ರಂಥದಲ್ಲಿ ಕಲ್ಪನೆಯ ಉದಾಹರಣೆಗಳೆಂದು ಕಾಣುವ ಈ ನಾಲ್ಕು ಸಾಲುಗಳ ಹಿಂದೆ ಆ ೧,೯೫೯ ದೂರುಗಳ ಪ್ರಪಂಚವೇ ನಿಂತಿದೆ. ಮುಂದೆ ೧೮೭೨ರ ಸಾಕ್ಷ್ಯ ಕಾಯಿದೆಯು ಇನ್ನೂ ಒಂದು ಹೆಜ್ಜೆ ಹೋಗಿ, ಪೊಲೀಸು ಅಧಿಕಾರಿಯ ಎದುರಿನಲ್ಲಿ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳತಕ್ಕದ್ದಲ್ಲವೆಂದು ಕಟ್ಟುಮಾಡಿತು. ಇಂಗ್ಲೆಂಡಿನಲ್ಲಿಯೂ ಇಷ್ಟು ಕಠಿನವಾದ ನಿಯಮವಿರಲಿಲ್ಲ. ಅದನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನನು ಮುಂದೆ ಬರೆದ ಗ್ರಂಥದಲ್ಲಿ, ಭಾರತದ ಒಬ್ಬ ಅನುಭವಸ್ಥ ಅಧಿಕಾರಿಯಿಂದ ತಾನು ಕೇಳಿದ ವಿವರಣೆಯನ್ನು ದಾಖಲಿಸಿದ್ದಾನೆ. ಸಾಕ್ಷ್ಯವನ್ನು ಹುಡುಕುತ್ತ ಬಿಸಿಲಿನಲ್ಲಿ ತಿರುಗುವುದಕ್ಕಿಂತ ನೆರಳಿನಲ್ಲಿ ಹಾಯಾಗಿ ಕುಳಿತು ಬಡಪಾಯಿಯೊಬ್ಬನ ಕಣ್ಣಿಗೆ ಮೆಣಸಿನಪುಡಿ ಉಜ್ಜುವುದು ಸುಖವಾಗಿರುತ್ತದೆ ಎಂಬುದೇ ಆ ವಿವರಣೆಯ ತಾತ್ಪರ್ಯ.

ಕೋಗಳಿ ನಾಡಿನ ಚೈತ್ರ ವೈಶಾಖಗಳ ಬಿಸಿಲನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನಮ್ಮ ಪತ್ತೇದಾರನ ಶತ್ರು ಮಂಜಲ್ಲ, ನೆರಳು. ಕೊಟ್ಟೂರಿನಿಂದ ಕೂಡ್ಲಿಗಿಗೆ ಒಂದು ಸುಳಿವನ್ನು ಹಿಡಿದು ನಡೆದುಹೋಗುವವನೇ ಇಲ್ಲಿ ಪತ್ತೇದಾರ. ಚಾವಡಿಯಲ್ಲಿ ಕುಳಿತವನು ಬೇರೆ ಜಾತಿಯ ಪ್ರಾಣಿ. ೧೮೭೨ರ ಆ ಕಾಯಿದೆಯ ಸ್ಥಾನಕ್ಕೆ ೨೦೨೪ನೆಯ ಜುಲೈ ೧ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದಿದೆ. ಪೊಲೀಸರೆದುರಿನ ತಪ್ಪೊಪ್ಪಿಗೆಯ ನಿಯಮವು ಹೊಸದರಲ್ಲಿಯೂ ಉಳಿದಿದೆ. ಇನ್ನೊಂದು ಕಡೆ, ತಪ್ಪೊಪ್ಪಿಗೆಯಿಂದ ಮಾಲು ಪತ್ತೆಯಾದರೆ ಅಷ್ಟು ಭಾಗವನ್ನು ಒಪ್ಪಬಹುದೆಂಬ ಕಿಂಡಿಯೂ ಹಾಗೆಯೇ ಉಳಿದಿದೆ. ದಂಡಸಂಹಿತೆಯ ಎರಡನೆಯ ದೃಷ್ಟಾಂತವನ್ನು ನೆನೆದುಕೊಂಡರೆ ಆ ಕಿಂಡಿ ಎಷ್ಟು ಅಗಲವೆಂಬುದು ಹೊಳೆಯುತ್ತದೆ.

ತಪ್ಪೊಪ್ಪಿಗೆಯ ಮೇಲಿನ ಮೋಹವು ಸಾಹಿತ್ಯದಲ್ಲಿಯೂ ಕಂಡುಬರುತ್ತದೆ. ಮುಂದೆ ಸುರಪುರದ ಆಡಳಿತವನ್ನು ನಡೆಸಿ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರನು ೧೮೩೯ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ಎರಡು ವರ್ಷಗಳಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯೊಂದನ್ನು ಪ್ರಕಟಿಸಿದನು. ಅಮೀರ್ ಅಲಿ ಎಂಬ ಮಾಫಿ ಸಾಕ್ಷಿ ತನ್ನ ಕೊಲೆಗಳನ್ನು ತಾನೇ ವರ್ಣಿಸುವ ಆ ಗ್ರಂಥವನ್ನು ಲಂಡನ್ ಆಸೆಯಿಂದ ಓದಿತು. ಅದರಲ್ಲಿ ಸುಳಿವಿಲ್ಲ, ಪತ್ತೆಯಿಲ್ಲ, ಇರುವುದು ಒಪ್ಪಿಗೆ. ಕಾನೂನೂ ಅದಕ್ಕೆ ತಕ್ಕಂತೆಯೇ ಇತ್ತು. ೧೮೩೬ರ ಕಾಯಿದೆಯ ಪ್ರಕಾರ ಒಬ್ಬನು ಯಾರನ್ನು ಕೊಂದನೆಂದು ತೋರಿಸಬೇಕಾಗಿರಲಿಲ್ಲ. ಠಕ್ಕರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಜೀವಾವಧಿ ಸೆರೆ. ಈ ಯುಕ್ತಿಯನ್ನು ಬೆಳೆಸಿದ ಫಲವೇ ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಅಲ್ಲಿ ಗುಂಪಿಗೆ ಸೇರುವುದೂ ಬೇಕಿಲ್ಲ, ಹುಟ್ಟಿದರೆ ಸಾಕು. ೧೯೧೧ರಲ್ಲಿ ಮಾಡಿದ ಹೊಸ ಕಾಯಿದೆಯಿಂದ ಅದು ಮದರಾಸಿಗೂ ಬಂದಿತು. ಬಳ್ಳಾರಿ ಸೀಮೆಯ ಕೊರಚರೂ ಲಂಬಾಣಿಗಳೂ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿ ದೇಶವನ್ನೆಲ್ಲ ಸುತ್ತುತ್ತಿದ್ದ ಸಾಗಣೆಗಾರರು. ಗಾಡಿಯ ರಸ್ತೆಗಳೂ ರೈಲೂ ಬಂದು ಅವರ ಬದುಕನ್ನು ಕಸಿದುಕೊಂಡ ಮೇಲೆ, ಕೆಲಸವಿಲ್ಲದೆ ತಿರುಗುವುದೇ ಇವರ ಅಪರಾಧವಾಯಿತು. ಪತ್ತೇದಾರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕಳವು ನಡೆಯುವ ಮೊದಲೇ ಕಳ್ಳನು ಗೊತ್ತು. ಕಾಯಿದೆ ರದ್ದಾದುದು ೧೯೫೨ರಲ್ಲಿ.

ಇದರ ನಡುವೆಯೇ ಸುಳಿವಿನ ವಿದ್ಯೆಯೂ ಈ ದೇಶದಲ್ಲಿ ಬೆಳೆಯುತ್ತಿತ್ತೆಂಬುದನ್ನು ಮರೆಯಲಾಗದು. ಬಂಗಾಳದ ಜಂಗೀಪುರದಲ್ಲಿ ೧೮೫೮ರಲ್ಲಿ ವಿಲಿಯಮ್ ಹರ್ಷೆಲ್ ಎಂಬ ಅಧಿಕಾರಿ ಒಂದು ಕರಾರಿಗೆ ಕಂತ್ರಾಟುದಾರನ ಅಂಗೈಯನ್ನು ಒತ್ತಿಸಿಕೊಂಡನು. ೧೮೯೭ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚಿನ ಕಚೇರಿ ಏರ್ಪಟ್ಟಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಅಚ್ಚುಗಳ ವರ್ಗೀಕರಣಕ್ಕೆ ಬೇಕಾದ ಗಣಿತವನ್ನು ಹೊಂದಿಸಿದರು. ೧೯೦೧ರಲ್ಲಿ ಅದು ಸ್ಕಾಟ್‌ಲೆಂಡ್ ಯಾರ್ಡಿಗೆ ಹೋಯಿತು. ಕೀರ್ತಿ ಬಹುಕಾಲ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿಯೇ ಇತ್ತು. ಕಿಟ್ಟಿಯಲ್ಲಿ ಹಿಂಡಿದ ಬೆರಳು ಸುಳ್ಳನ್ನೂ ಹೇಳಬಹುದು. ಮಸಿಯಲ್ಲಿ ಒತ್ತಿದ ಬೆರಳು ಹೇಳುವುದಿಲ್ಲ.

ಈವರೆಗೆ ಹೇಳಿದುದು ಒಂದು ಕೊಲೆ, ಒಂದು ಕಳವು, ಒಬ್ಬ ಅಪರಾಧಿ ಎಂಬ ಲೆಕ್ಕದ ಮಾತು. ಪತ್ತೇದಾರಿ ಕಥೆಯು ಒಂದು ಹೆಣವನ್ನು ಎಣಿಸಬಲ್ಲುದು. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರದ ಬರವನ್ನು ಅದರ ಮುಂದೆ ಇರಿಸಿದರೆ ಅದು ಏನು ಮಾಡೀತು? ಮದರಾಸು ಪ್ರೆಸಿಡೆನ್ಸಿಯಲ್ಲಿ ಅತ್ಯಂತ ಹೆಚ್ಚಾಗಿ ಬಾಧೆಗೊಳಗಾದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಅಲ್ಲಿಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಐದು ಮನೆಗಳ ಓಣಿಯಲ್ಲಿ ಒಂದು ಮನೆಗೆ ಬಾಗಿಲು ಹಾಕಿದಂತೆ.

ಮಳೆ ಬರಲಿಲ್ಲವೆಂಬುದು ನಿಜ. ಅದಕ್ಕೆ ಯಾವ ಗವರ್ನರನೂ ಕಾರಣನಲ್ಲ. ಆದರೆ ದಿನಾಂಕಗಳನ್ನು ಒಟ್ಟಿಗಿಟ್ಟು ನೋಡುವುದು ಪತ್ತೇದಾರನ ಅಭ್ಯಾಸ. ೧೮೭೭ನೆಯ ಜನವರಿ ೧ರಂದು ದೆಹಲಿಯಲ್ಲಿ ಲಿಟ್ಟನ್ ಪ್ರಭುವು ಮಹಾದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದನು. ಅದೇ ತಿಂಗಳಿನಲ್ಲಿ ಅವನ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಮದರಾಸಿಗೆ ಬಂದು, ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನದ ಕೂಲಿಯನ್ನು ಒಂದು ರಾತಲು ಧಾನ್ಯ ಮತ್ತು ಒಂದಿಷ್ಟು ಪುಡಿಗಾಸಿಗೆ ಇಳಿಸಿದನು. ಟೆಂಪಲನು ಕ್ರೂರನೆಂದು ಹೆಸರಾದವನಲ್ಲ. ೧೮೭೪ರಲ್ಲಿ ಬಿಹಾರದ ಬರಗಾಲಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಸಾವುಗಳನ್ನು ತಡೆದವನೇ ಅವನು. ಆದರೆ ಹಣವನ್ನು ದುಂದುಮಾಡಿದನೆಂದು ಬೈಗುಳವೇ ಬಹುಮಾನವಾಯಿತು. ಎರಡನೆಯ ಬಾರಿ ಬೈಸಿಕೊಳ್ಳಬಾರದೆಂದು ನಿಶ್ಚಯಿಸಿ ಬಂದಂತೆ ತೋರುತ್ತದೆ. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಎಲ್ಲಿ ದೊರಕೀತು? ದುಷ್ಟನಲ್ಲ, ಬಡ್ತಿಯನ್ನು ಬಯಸುವ ಸಮರ್ಥ.

ಈ ಕಥೆಯಲ್ಲಿ ಒಬ್ಬ ಪತ್ತೇದಾರನೂ ಇದ್ದನು. ಮದರಾಸಿನ ಆರೋಗ್ಯ ಕಮಿಷನರ್ ಡಬ್ಲ್ಯೂ. ಆರ್. ಕಾರ್ನಿಷ್ ಎಂಬ ವೈದ್ಯನು ಆ ಒಂದು ರಾತಲು ದುಡಿಯುವ ದೇಹಕ್ಕೆ ಸಾಲದೆಂದು ವಾದಿಸಿ, ಜೈಲುಗಳ ಆಹಾರದ ಪ್ರಮಾಣ, ದೇಹಗಳ ತೂಕ, ಸಾವಿನ ಪಟ್ಟಿ ಇವುಗಳನ್ನು ಸಾಕ್ಷ್ಯವಾಗಿ ಮುಂದಿಟ್ಟನು. ಕಲ್ಲು ಒಡೆಯುವ ನಿರಪರಾಧಿಗೆ ಸೆರೆಯಲ್ಲಿರುವ ಅಪರಾಧಿಗಿಂತ ಕಡಿಮೆ ಅನ್ನವೆಂಬುದು ಅವನು ಎತ್ತಿ ತೋರಿಸಿದ ಸುಳಿವು. ಕೆಲವು ತಿಂಗಳ ಬಳಿಕ ಮದರಾಸು ಸರ್ಕಾರವು ಕೂಲಿಯನ್ನು ಏರಿಸಿತು. ಆ ಕೆಲವು ತಿಂಗಳುಗಳಲ್ಲಿ ಸತ್ತವರ ವಿಷಯದಲ್ಲಿ ಯಾವ ನ್ಯಾಯಾಲಯವೂ ವಿಚಾರಣೆ ನಡೆಸಲಿಲ್ಲ. ಲಂಡನ್ನಿನಲ್ಲಿ ೧೮೮೮ರ ಶರತ್ಕಾಲದಲ್ಲಿ ಐವರು ಬಡ ಹೆಂಗಸರನ್ನು ಕೊಂದವನ ಮೇಲೆ ಗ್ರಂಥಾಲಯಗಳು ತುಂಬುವಷ್ಟು ಬರೆದಿದ್ದಾರೆ, ಇಂದಿಗೂ ಬರೆಯುತ್ತಿದ್ದಾರೆ. ಆ ಹೆಂಗಸರ ಪ್ರಾಣ ಅಮೂಲ್ಯವೇ ಸರಿ. ನಮ್ಮ ಕಡೆಯವರ ವಿಷಯದಲ್ಲಿ ಅಷ್ಟು ಮಸಿ ಖರ್ಚಾಗಲಿಲ್ಲ.

ಹೆಂಗಸರ ಮಾತು ಬಂದುದರಿಂದ ಬಳ್ಳಾರಿಯ ದಂಡಿನ ಕಡೆಗೆ ಒಮ್ಮೆ ತಿರುಗಬೇಕು. ಗೋರಾ ಸಿಪಾಯಿಗಳಿದ್ದ ಈ ಊರಿನಲ್ಲಿ ಲಾಕ್ ಆಸ್ಪತ್ರೆಯೆಂಬುದೊಂದಿತ್ತು. ಸಿಪಾಯಿಗಳಿಗೆ ರೋಗ ತಗಲದಂತೆ ಹೆಂಗಸರನ್ನು ಹಿಡಿತಂದು ಪರೀಕ್ಷಿಸಿ, ರೋಗವಿದ್ದರೆ ಕೂಡಿಹಾಕುವ ಸ್ಥಳ. ೧೮೬೮ರ ಕಾಯಿದೆ ಇದಕ್ಕೆ ಬಲಕೊಟ್ಟಿತು. ಗಂಡಸನ್ನು ಪರೀಕ್ಷಿಸುವ ಪ್ರಶ್ನೆ ಕಾಯಿದೆಯಲ್ಲಿ ಏಳಲೇ ಇಲ್ಲ. ಇಂಗ್ಲೆಂಡಿನಲ್ಲಿ ಇದೇ ಬಗೆಯ ಕಾಯಿದೆಗಳ ವಿರುದ್ಧ ಜೋಸೆಫೀನ್ ಬಟ್ಲರ್ ಎಂಬ ಸಾಧ್ವಿ ವರ್ಷಗಟ್ಟಲೆ ಹೋರಾಡಿ, ಅವು ೧೮೮೬ರಲ್ಲಿ ಅಲ್ಲಿಯೂ, ೧೮೮೮ರಲ್ಲಿ ಇಲ್ಲಿಯೂ ರದ್ದಾದುವು. ವಿಕ್ಟೋರಿಯಾ ಕಾಲದ ಕಾದಂಬರಿಗಳಲ್ಲಿ ಈ ಹೋರಾಟದ ಪ್ರಸ್ತಾಪ ಆಗಾಗ ಬರುತ್ತದೆ. ಬಳ್ಳಾರಿಯ ಆಸ್ಪತ್ರೆಯ ಕಟಕಟೆ ನಮಗೆ ಎಲ್ಲಿಯೂ ಕಾಣಲಿಲ್ಲ.

ಇದಕ್ಕಿಂತ ತೊಡಕಾದುದು ಬಸವಿಯರ ವಿಷಯ. ಕೂಡ್ಲಿಗಿ, ಹರಪನಹಳ್ಳಿಗಳ ಕಡೆ ಗಂಡುಸಂತಾನವಿಲ್ಲದ ಬಡ ಕುಟುಂಬಗಳು ಮಗಳೊಬ್ಬಳನ್ನು ದೇವರಿಗೆ ಬಿಡುತ್ತಿದ್ದುದುಂಟು. ಮದರಾಸು ಪೊಲೀಸಿನಲ್ಲಿ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಎಂಬವನು ಬಳ್ಳಾರಿ ಸೀಮೆಯ ಈ ಪದ್ಧತಿಯನ್ನು ವಿಚಾರಿಸಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬರೆದನು. ಬಳ್ಳಾರಿಯ ಹತ್ತಿರದ ಕಪ್ಪಗಲ್ಲಿನ ಬಂಡೆಗಳ ಮೇಲಿನ ಪುರಾತನ ಗೀರುಚಿತ್ರಗಳನ್ನು ನೋಡಿ ಬರೆದವರಲ್ಲಿ ಮೊದಲಿಗನೂ ಇವನೇ. ಕಲ್ಲಿನ ಮೇಲಿನ ಗೀರನ್ನು ಓದುವ ಕಣ್ಣಿದ್ದ ಪೊಲೀಸಿನವನು. ಬಸವಿಯಾದವಳು ಮಗನ ಸ್ಥಾನವನ್ನು ಪಡೆಯುತ್ತಾಳೆ, ತಂದೆಯ ಆಸ್ತಿಗೆ ಹಕ್ಕುದಾರಳಾಗುತ್ತಾಳೆ, ಅವಳ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರುತ್ತಾರೆ ಎಂಬುದನ್ನು ಅವನು ಗುರುತಿಸಿದನು. ದಂಡಸಂಹಿತೆಗೆ ಕಂಡುದು ಇದರ ಒಂದು ಮುಖ ಮಾತ್ರ, ಅಪ್ರಾಪ್ತ ಬಾಲೆಯನ್ನು ವೇಶ್ಯಾವೃತ್ತಿಗೆ ಕೊಡುವ ಅಪರಾಧ. ಆ ಮುಖ ಸುಳ್ಳಲ್ಲ. ದೇವರ ಹೆಸರಿನಲ್ಲಿ ಎಳೆಯ ಹುಡುಗಿಯರ ಬಾಳನ್ನು ಊರಿನ ಬಲಿಷ್ಠರಿಗೆ ಒಪ್ಪಿಸಿದ ಪದ್ಧತಿಯನ್ನು ನಾವು ಅಲಂಕರಿಸಿ ಹೇಳುವುದಿಲ್ಲ. ಕರ್ನಾಟಕವು ೧೯೮೨ರಲ್ಲಿ ಪ್ರತ್ಯೇಕ ಕಾಯಿದೆಯಿಂದ ಅದನ್ನು ನಿಷೇಧಿಸಬೇಕಾಗಿ ಬಂದಿತು. ಆದರೆ ಕಥೆಗಾರನಾದವನು ಎರಡು ಮುಖಗಳನ್ನೂ ನೋಡಬೇಕು. ಇಂಗ್ಲಿಷ್ ಕಾದಂಬರಿಗಳಲ್ಲಿ ಅರ್ಧಕ್ಕರ್ಧ ಕೊಲೆಗಳು ಮರಣಶಾಸನಕ್ಕಾಗಿ, ಆಸ್ತಿಗಾಗಿ. ಅಲ್ಲಿ ವಿವಾಹಿತ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ದೊ���ೆತುದು ೧೮೮೨ರಲ್ಲಿ. ಅದೇ ಕಾಲದಲ್ಲಿ ಹಡಗಲಿಯ ಕಡೆಯ ಬಡವನ ಮಗಳೊಬ್ಬಳು ಮುತ್ತು ಕಟ್ಟಿಸಿಕೊಂಡ ಬೆಲೆಗೆ ಹೊಲದ ಒಡತಿಯಾಗಿರಬಹುದು. ದಾಯಾದಿಗಳಿಗೆ ಅವಳು ಕಂಟಕವಾಗಿಯೂ ಇರಬಹುದು. ಅಂತಹ ಹೊಲದಲ್ಲಿ ಒಂದು ಸಾವು ಸಂಭವಿಸಿದರೆ ಪೊಲೀಸಿನವನು ಅವಳ ಶೀಲವನ್ನು ಮೊದಲು ವಿಚಾರಿಸುತ್ತಾನೆ. ಪತ್ತೇದಾರನು ಶಾನುಭೋಗನ ಕಡತವನ್ನು ಮೊದಲು ಕೇಳಬೇಕು.

ಕನ್ನಡದಲ್ಲಿ ಇಂತಹ ಕೃತಿಗೆ ಪೂರ್ವಿಕರು ಇಲ್ಲದಿಲ್ಲ. ಮೈಸೂರಿನ ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು, 'ಚೋರಗ್ರಹಣ ತಂತ್ರ'ವನ್ನು ಬರೆದರು. ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ೧೯೧೫ರಲ್ಲಿ ಅಚ್ಚಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯ ಒಳಿತು ಕೆಡುಕುಗಳನ್ನು ಅದು ಬಲು ಚೆನ್ನಾಗಿ ತೋರಿಸುತ್ತದೆ. ಆಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಮನೆಮಾತಾದನು; ಅವನ ಸಾಹಸಗಳನ್ನು ಓದಿ ಕನ್ನಡ ಕಲಿತವರು ಎಷ್ಟೋ ಮಂದಿ. ಇವರಾರೂ ಬಳ್ಳಾರಿಯ ಆ ದಶಕಗಳಿಗೆ ಹೋಗಲಿಲ್ಲ. ಕಾರಣವನ್ನು ಊಹಿಸಬಹುದು. ಆ ಜಿಲ್ಲೆ ೧೯೫೩ರವರೆಗೆ ಮೈಸೂರಿನ ಹೊರಗೆ ಇತ್ತು. ಅದರ ಕಾಗದಪತ್ರಗಳು ಮದರಾಸಿನಲ್ಲಿ, ಇಂಗ್ಲಿಷಿನಲ್ಲಿ. ಹರಪನಹಳ್ಳಿಯ ಹೆಂಗಸು ಕನ್ನಡದಲ್ಲಿ ಹೇಳಿದ ಸಾಕ್ಷ್ಯವು ದುಭಾಷಿಯ ಬಾಯಿಂದ ಹಾದು, ಗುಮಾಸ್ತನ ಲೇಖನಿಯಿಂದ ಇಳಿದು, ದೊರೆಯ ಮೇಜಿನ ಮೇಲೆ ಇಂಗ್ಲಿಷಾಗುವ ಹೊತ್ತಿಗೆ ಅವಳ ಮಾತು ಎಷ್ಟು ಉಳಿದೀತು? ನಮ್ಮ ಪತ್ತೇದಾರನಿಗೆ ಇದೂ ಒಂದು ತನಿಖೆಯೇ.

ಅಂತಹ ಕಾದಂಬರಿಯನ್ನು ಬರೆಯಹೊರಡುವವರು ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಒಂದು, ಜಾನ್ ಕೆಲ್ಸಾಲನು ೧೮೭೨ರಲ್ಲಿ ಹೊರತಂದ ಬಳ್ಳಾರಿ ಜಿಲ್ಲೆಯ ಕೈಪಿಡಿ, ಇನ್ನೊಂದು, ಡಬ್ಲ್ಯೂ. ಫ್ರಾನ್ಸಿಸನು ೧೯೦೪ರಲ್ಲಿ ಸಿದ್ಧಪಡಿಸಿದ ಗೆಝೆಟಿಯರು. ಎರಡರಲ್ಲಿಯೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವಿವರವುಂಟು. ಮೊದಲನೆಯದು ಬರಕ್ಕೆ ನಾಲ್ಕು ವರ್ಷ ಮುಂಚಿನದು, ಎರಡನೆಯದು ರಾಣಿಯು ತೀರಿಹೋದ ಮೂರು ವರ್ಷದ ತರುವಾಯದ್ದು. ಮೊದಲನೆಯದರಲ್ಲಿ ಒಂದು ಊರಿನ ವಿಷಯವಾಗಿ ಏನು ಹೇಳಿದೆ, ಎರಡನೆಯದರಲ್ಲಿ ಅದೇ ಊರಿನ ವಿಷಯವಾಗಿ ಏನು ಬಿಟ್ಟಿದೆ ಎಂದು ಸಾಲುಸಾಲಾಗಿ ಹೋಲಿಸುತ್ತ ಹೋಗುವುದು ನೆರಳಿನಲ್ಲಿ ಕುಳಿತು ಮಾಡಬಹುದಾದ ಕೆಲಸ. ಆಮೇಲೆ ಊರಿಗೆ ಹೋಗಿ ವಿಚಾರಿಸುವುದಕ್ಕೆ ಬಿಸಿಲಿಗೆ ಇಳಿಯಲೇಬೇಕು.